ಹಳೆಯ ಸ್ಕೀ ಬೋಟು ಕೊಳ್ಳುವುದು ಹೇಗೆ: ಹುಬ್ಬಳ್ಳಿ ಸೀಮೆಯವರಿಗೆ ಸಮಗ್ರ ಮಾರ್ಗದರ್ಶಿ

ಬೋಟಿನ ಹಿಂದೆ ಹಗ್ಗ ಹಿಡಿದು ನೀರಿನ ಮೇಲೆ ಜಾರುವ ವಾಟರ್ ಸ್ಕೀಯಿಂಗ್‌ಗೆ ಹಳೆಯ ಇನ್‌ಬೋರ್ಡ್ ಬೋಟು, ಅಂದರೆ ಎಂಜಿನ್ ಒಡಲೊಳಗೇ ಇರುವ ಬೋಟು, ನೋಡಲು ಹೋದವರು ಮೊದಲು ಎಂಜಿನ್ ಸ್ಟಾರ್ಟ್ ಮಾಡಿಸುತ್ತಾರೆ. ವಿ-8 ಎಂಜಿನ್ನಿನ ಗುಡುಗು ಕಿವಿಗೆ ಬಿದ್ದೊಡನೆ ಅರ್ಧ ವ್ಯಾಪಾರ ಮುಗಿದುಹೋಗುತ್ತದೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರು ನೋಡುವ ಈ ಕ್ರಮವನ್ನೇ ತಿರುವಿ ಹಾಕಬೇಕು. ಬೋಟಿನೊಳಗಿನ ಎಂಜಿನ್ ಹುಟ್ಟಿದ್ದು ಅಮೆರಿಕದ ಕಾರು, ಟ್ರಕ್ಕುಗಳಿಗೆ. ಅದು ಕೆಟ್ಟರೆ ಗೋಕುಲ ರಸ್ತೆಯ ಲೇತ್ ಅಂಗಡಿಗಳಲ್ಲಿ ಬೋರಿಂಗ್ ಮಾಡಿಸಬಹುದು, ಹೆಡ್ ಫೇಸಿಂಗ್ ಮಾಡಿಸಬಹುದು, ವಾಲ್ವ್ ಕೂರಿಸಬಹುದು. ಆದರೆ ಬೋಟಿನ ಒಡಲೊಳಗಿನ ಕಟ್ಟಿಗೆಯ ತೊಲೆ ಕೊಳೆತಿದ್ದರೆ ನೆಲ ಕಿತ್ತು, ಎಂಜಿನ್ ಇಳಿಸಿ, ಫೈಬರ್ ಕೊಯ್ದು ಹೊಸದಾಗಿ ಕಟ್ಟುವ ಕೈಗಳನ್ನು ಕರಾವಳಿಯಲ್ಲಿ ಹುಡುಕಬೇಕು. ಅದಕ್ಕೆ ತಗಲುವ ಖರ್ಚು ಎಷ್ಟೋ ಸಲ ಬೋಟಿನ ಬೆಲೆಯನ್ನೇ ನುಂಗುತ್ತದೆ. ಆದ್ದರಿಂದ ಪರೀಕ್ಷೆಗೆ ಮೂರು ತಾಸು ಇದ್ದರೆ ಎರಡು ತಾಸು ಒಡಲು ಮತ್ತು ಪ್ರೊಪೆಲ್ಲರ್ ತಿರುಗಿಸುವ ಶಾಫ್ಟಿಗೆ, ಒಂದು ತಾಸು ಎಂಜಿನ್ನಿಗೆ.

ಮೊದಲು ನೀರು ಗೊತ್ತುಮಾಡಿಕೊಳ್ಳಿ

ಸ್ಕೀ ಸ್ಲಾಲಮ್ ಕೋರ್ಸಿನ, ಅಂದರೆ ತೇಲುಗುಂಡುಗಳನ್ನು ಸುತ್ತಿ ಅಡ್ಡಡ್ಡ ಹಾಯುವ ಸ್ಪರ್ಧೆಯ ದಾರಿಯ, ಉದ್ದ 259 ಮೀಟರ್. ಬೋಟು ವೇಗ ಹಿಡಿಯಲು ಮತ್ತು ನಿಧಾನಿಸಿ ತಿರುಗಲು ಎರಡೂ ತುದಿಗೆ ಜಾಗ ಬೇಕು, ಆದ್ದರಿಂದ ಅಡೆತಡೆ ಇಲ್ಲದ ಸುಮಾರು 600 ಮೀಟರ್ ನೇರ ನೀರು ಸಿಗಬೇಕು. ಆಳ 2 ಮೀಟರಿಗೆ ಕಡಿಮೆ ಇರಬಾರದು. ಉಣಕಲ್ ಕೆರೆ, ಕೆಲಗೇರಿ, ಗದಗಿನ ಭೀಷ್ಮ ಕೆರೆಯಂಥವು ಊರ ಜನರ ವಿಹಾರದ ಕೆರೆಗಳು, ಈ ಆಟಕ್ಕೆ ಹೇಳಿದವಲ್ಲ. ಅಂತರಗಂಗೆ ಬೆಳೆಯುವ ನೀರಿನಲ್ಲಂತೂ ಎಂಜಿನ್ ತಣ್ಣಗಿಡುವ ನೀರಿನ ಬಾಯಿಗೇ ಬೇರು ಸಿಕ್ಕಿಕೊಂಡು ಕೆಲವೇ ನಿಮಿಷಗಳಲ್ಲಿ ಉಷ್ಣತೆಯ ಮುಳ್ಳು ಏರುತ್ತದೆ. ನೀರಸಾಗರ, ಸವದತ್ತಿಯ ರೇಣುಕಾಸಾಗರ ಕುಡಿಯುವ ನೀರಿನ ಮೂಲಗಳು. ಪೆಟ್ರೋಲ್ ಬೋಟು ಇಳಿಸುವ ಮಾತಿಗೆ ಮೊದಲು ಆಯಾ ಜಲಾಶಯದ ಒಡೆತನ ಹೊಂದಿದ ನಿಗಮ ಅಥವಾ ಇಲಾಖೆಯಿಂದ ಬರಹದಲ್ಲಿ ಅನುಮತಿ ಬೇಕು. ಬಾಯಿಮಾತಿನ ‘ಆಯ್ತು ಬರ್ರಿ’ ಸಾಲದು. ತುಂಗಭದ್ರೆಯ ಮಗ್ಗುಲಲ್ಲಿರುವವರಿಗೆ ಬೇರೆ ತೊಂದರೆ: ನೀರು ಇಳಿದಂತೆ ಬಂಡೆ ಮೇಲೇಳುತ್ತವೆ. ಇನ್‌ಬೋರ್ಡ್ ಬೋಟಿನ ಪ್ರೊಪೆಲ್ಲರ್ ಔಟ್‌ಬೋರ್ಡಿನಂತೆ ಮೇಲೆ ಮಡಚಿಕೊಳ್ಳುವುದಿಲ್ಲ. ಒಂದು ಬಂಡೆ ತಗಲಿದರೆ ಪ್ರೊಪೆಲ್ಲರ್, ಶಾಫ್ಟ್, ಶಾಫ್ಟನ್ನು ತಳದ ಕೆಳಗೆ ಹಿಡಿದಿಡುವ ಸ್ಟ್ರಟ್ ಮೂರೂ ಒಟ್ಟಿಗೆ ಬಾಗುತ್ತವೆ.

ನೀರನ್ನು ಮೊದಲೇ ಗೊತ್ತುಮಾಡಿಕೊಳ್ಳಲು ಇನ್ನೊಂದು ಕಾರಣ ಉಪ್ಪು. ಬೋಟು ಕಾರವಾರದ ಕಾಳಿ ಅಳಿವೆಯಲ್ಲಿ ಓಡಬೇಕಾದರೆ ಕ್ಲೋಸ್ಡ್ ಕೂಲಿಂಗ್ ಇರುವುದನ್ನು, ಅಂದರೆ ಎಂಜಿನ್ನಿನೊಳಗೆ ಕೂಲಂಟ್ ಓಡಿ ಹೊರನೀರು ಶಾಖವಿನಿಮಯದ ಕೊಳವೆಯಲ್ಲಿ ಮಾತ್ರ ಹರಿಯುವಂಥದನ್ನು ಹುಡುಕಿ. ಹಳೆಯ ಸ್ಕೀ ಬೋಟುಗಳಲ್ಲಿ ಹೆಚ್ಚಿನವು ಹೊರನೀರನ್ನೇ ನೇರ ಬ್ಲಾಕಿನೊಳಗೆ ಓಡಿಸುತ್ತವೆ. ಸಿಹಿನೀರಿನಲ್ಲಿ ಅವು ದಶಕಗಳ ಕಾಲ ಬಾಳುತ್ತವೆ, ಸಮುದ್ರದ ನೀರಿನಲ್ಲಿ ಹೊಗೆ ಹೊರಹಾಕುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಐದಾರು ವರ್ಷಕ್ಕೇ ಒಳಗಿನಿಂದ ತಿಂದುಹೋಗಬಹುದು. ಗೋವಾ, ಮುಂಬೈ, ಕೊಚ್ಚಿ ಕಡೆಯಿಂದ ಬರುವ ಬೋಟಿಗೆ ‘ಉಪ್ಪುನೀರು ಎಷ್ಟು ವರ್ಷ ಕುಡಿದಿದೆ’ ಎಂಬುದೇ ಮೊದಲ ಪ್ರಶ್ನೆಯಾಗಲಿ.

ಯಾವುದು ಸ್ಕೀ ಬೋಟು, ಯಾವುದು ಅಲ್ಲ

ಮಾರುವವರು ಹಗ್ಗ ಕಟ್ಟಬಹುದಾದ ಎಲ್ಲವನ್ನೂ ಸ್ಕೀ ಬೋಟು ಎನ್ನುತ್ತಾರೆ. ಸ್ಕೀಯಿಂಗ್‌ಗೆಂದೇ ಕಟ್ಟಿದ ಬೋಟಿನಲ್ಲಿ ಎಂಜಿನ್ ನಟ್ಟನಡುವೆ ಕೂತಿರುತ್ತದೆ, ಅದರಿಂದ ಹೊರಟ ಶಾಫ್ಟ್ ತಳದ ಮೂಲಕ ಓರೆಯಾಗಿ ಹೊರಬಂದು ಪ್ರೊಪೆಲ್ಲರ್ ತಿರುಗಿಸುತ್ತದೆ. ಇದು ಡೈರೆಕ್ಟ್ ಡ್ರೈವ್. ತೂಕ ನಡುವೆ ಇರುವುದರಿಂದ ಬೋಟಿನ ಹಿಂದೆ ಏಳುವ ಅಲೆ ತಗ್ಗಾಗಿ, ಮೆತ್ತಗೆ ಇರುತ್ತದೆ. ಒಂದೇ ಸ್ಕೀ ಮೇಲೆ ಅಡ್ಡ ಹಾಯುವವನಿಗೆ ಬೇಕಾದದ್ದೇ ಅದು. ವಿ-ಡ್ರೈವ್‌ನಲ್ಲಿ ಎಂಜಿನ್ ಹಿಂಬದಿಗೆ ಕೂತು ಶಾಫ್ಟ್ ಮುಂದೆ ಹೋಗಿ ಮತ್ತೆ ಹಿಂದಕ್ಕೆ ಹೊರಳುತ್ತದೆ. ಅದರ ಅಲೆ ಎತ್ತರ, ವೇಕ್‌ಬೋರ್ಡಿಗೆ ಚಂದ, ಸ್ಲಾಲಮ್‌ಗೆ ಕಾಟ. ಸ್ಟರ್ನ್ ಡ್ರೈವ್‌ನಲ್ಲಿ ಎಂಜಿನ್ ಒಳಗಿದ್ದರೂ ಪ್ರೊಪೆಲ್ಲರಿನ ಕಾಲು ಹಿಂದೆ ಹೊರಗೆ ತೂಗಾಡುತ್ತದೆ. ಇನ್‌ಬೋರ್ಡ್ ಎಂದು ಹೇಳಿ ಇದನ್ನು ಮಾರುವವರಿದ್ದಾರೆ, ಚಿತ್ರದಲ್ಲಿ ಹಿಂಬದಿ ನೋಡಿದರೆ ಗೊತ್ತಾಗುತ್ತದೆ.

ಹೆಸರಾದ ಮೂರು ತಯಾರಕರು: 1961ರಿಂದ ಸ್ಕೀ ನಾಟಿಕ್ ಕಟ್ಟುತ್ತಿರುವ ಕರೆಕ್ಟ್ ಕ್ರಾಫ್ಟ್, 1968ರಲ್ಲಿ ಆರಂಭವಾದ ಮಾಸ್ಟರ್‌ಕ್ರಾಫ್ಟ್, 1982ರಲ್ಲಿ ಬಂದ ಮಾಲಿಬು. ಎಂಜಿನ್ನುಗಳು ಬಹುಪಾಲು ಜಿಎಂನ 5.7 ಲೀಟರ್ ವಿ-8, ಇನ್ನೂ ಹಳೆಯವುಗಳಲ್ಲಿ ಫೋರ್ಡ್‌ನ 5.8 ಲೀಟರ್. ಅವನ್ನು ನೀರಿಗೆ ಹೊಂದಿಸಿ ಕೊಟ್ಟವರು ಪಿಸಿಎಂ, ಇಂಡ್ಮಾರ್, ಮರ್ಕ್ರೂಸರ್ ಮುಂತಾದವರು. ಬೋಟಿನ ಉದ್ದ ಸುಮಾರು 6 ಮೀಟರ್, ಒಣತೂಕ ಸಾಮಾನ್ಯವಾಗಿ 1,100ರಿಂದ 1,300 ಕಿಲೋ. ಸ್ಪರ್ಧೆಯಲ್ಲಿ ಪುರುಷರ ಗರಿಷ್ಠ ವೇಗ ತಾಸಿಗೆ 58 ಕಿ.ಮೀ., ಮಹಿಳೆಯರದು 55. ಕಲಿಯುವವರಿಗೆ 25ರಿಂದ 35 ಸಾಕು. ಹಾಗಾಗಿ ‘ಇದು ತೊಂಬತ್ತು ಹೊಡೀತದ್ರಿ’ ಎಂಬ ಹೊಗಳಿಕೆಗೆ ಕಿವಿಗೊಡಬೇಡಿ. ಹೇಳಿದ ವೇಗವನ್ನು ಅಲ್ಲಾಡದೆ ಹಿಡಿಯುತ್ತದೆಯೇ ಎಂಬುದು ಇಲ್ಲಿ ಲೆಕ್ಕ.

ಕಾಗದಪತ್ರ

ಅಮೆರಿಕದಲ್ಲಿ ತಯಾರಾದ ಬೋಟಿನ ಹಿಂಬದಿಯ ಬಲಮೂಲೆಯಲ್ಲಿ 12 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಕೆತ್ತಿರುತ್ತದೆ. 1984ರಿಂದೀಚೆಗಿನವುಗಳಲ್ಲಿ ಮೊದಲ ಮೂರು ಅಕ್ಷರ ತಯಾರಕರದು, ಮುಂದಿನ ಐದು ಬೋಟಿನ ಸರಣಿ ಸಂಖ್ಯೆ, ಆಮೇಲೆ ತಿಂಗಳಿನ ಅಕ್ಷರ, ತಯಾರಾದ ವರ್ಷದ ಕೊನೆಯ ಅಂಕಿ, ಕೊನೆಗೆ ಮಾಡೆಲ್ ವರ್ಷದ ಎರಡು ಅಂಕಿ. ತಿಂಗಳಿನ ಅಕ್ಷರ ‘ಎ’ ಆದರೆ ಜನವರಿ, ‘ಬಿ’ ಆದರೆ ಫೆಬ್ರವರಿ. ಮಾರುವವರು 2002 ಎಂದು ಹೇಳಿ ಕೆತ್ತಿದ್ದು 94 ಎಂದಿದ್ದರೆ ಉಳಿದ ಮಾತನ್ನೂ ಅದೇ ತಕ್ಕಡಿಯಲ್ಲಿ ತೂಗಿ. ಹೊರದೇಶದಿಂದ ತರಿಸಿದ ಬೋಟಾದರೆ ಕಸ್ಟಮ್ಸಿನ ಬಿಲ್ ಆಫ್ ಎಂಟ್ರಿ ಕೇಳಿ, ಅದರ ಮೇಲಿನ ಸಂಖ್ಯೆಯನ್ನೂ ಕೆತ್ತಿದ ಸಂಖ್ಯೆಯನ್ನೂ ಒಂದೊಂದೇ ಅಕ್ಷರ ತಾಳೆ ನೋಡಿ. ಸುಂಕ ಕಟ್ಟದ ಬೋಟು ಕೊಂಡರೆ ಅದರ ತಲೆನೋವೂ ನಿಮ್ಮದೇ ಆಗುತ್ತದೆ.

ಒಳನಾಡಿನ ನೀರಿನಲ್ಲಿ ಯಂತ್ರದ ಬೋಟು ಓಡಿಸಲು 2021ರ ಒಳನಾಡು ಹಡಗು ಕಾಯ್ದೆಯಡಿ ಸರ್ವೆ ಪ್ರಮಾಣಪತ್ರ, ನೋಂದಣಿ, ವಿಮೆ ಬೇಕು. ಬೇರೆ ರಾಜ್ಯದ ನೋಂದಣಿ ಇದ್ದರೆ ವರ್ಗಾವಣೆಯ ಕಾಗದಕ್ಕೆ ಮಾರುವವರ ಸಹಿ ಹಣ ಕೊಡುವ ದಿನವೇ ಆಗಿಬಿಡಲಿ. ಟ್ರೇಲರ್ ಇದ್ದರೆ ಅದಕ್ಕೆ ಬೇರೆ ಆರ್‌ಸಿ ಉಂಟು, ಅದರ ಖಾಲಿ ತೂಕ ಬರೆದುಕೊಳ್ಳಿ. ಮುಂದೆ ಅದರ ಕೆಲಸ ಇದೆ.

ಒಡಲಿನ ಪರೀಕ್ಷೆ

ಬೇಕಾದ ಸಾಮಾನು: ಪ್ಲಾಸ್ಟಿಕ್ ಸುತ್ತಿಗೆ, ಟಾರ್ಚ್, ಚಿಕ್ಕ ಕನ್ನಡಿ, ಪಾನಾ ಸೆಟ್, ಚಾಕ್‌ಪೀಸ್, ಹಳೆಯ ಬಟ್ಟೆ. ತೇವ ಅಳೆಯುವ ಮೀಟರ್ ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ಕೆಲಸ ನಡೆಯುತ್ತದೆ.

1990ರ ದಶಕದ ಆರಂಭದವರೆಗಿನ ಅನೇಕ ಸ್ಕೀ ಬೋಟುಗಳಲ್ಲಿ ತಳಕ್ಕೆ ಬಲ ಕೊಡುವ ಉದ್ದುದ್ದ ತೊಲೆಗಳು, ಅಂದರೆ ಸ್ಟ್ರಿಂಗರುಗಳು, ಕಟ್ಟಿಗೆಯವು. ಮೇಲೆ ಫೈಬರ್ ಗ್ಲಾಸಿನ ಹೊದಿಕೆ. ಎಂಜಿನ್ ಕೂತಿರುವುದು, ಸ್ಕೀ ಹಗ್ಗದ ಕಂಬ ನಿಂತಿರುವುದು, ನೆಲ ಹಾಸಿರುವುದು ಎಲ್ಲ ಇವುಗಳ ಮೇಲೆಯೇ. ಬೋಲ್ಟು, ಸ್ಕ್ರೂ ಹೊಕ್ಕ ತೂತುಗಳ ಮೂಲಕ ನೀರು ಒಳಗಿಳಿದರೆ ಮತ್ತೆ ಹೊರಬರಲು ದಾರಿ ಇಲ್ಲ. ಕಟ್ಟಿಗೆ ಒಳಗೊಳಗೇ ಹಿಟ್ಟಾಗುತ್ತದೆ, ಮೇಲಿನ ಫೈಬರ್ ಮಾತ್ರ ಹೊಸದರಂತೆ ಮಿರುಗುತ್ತಿರುತ್ತದೆ.

ಮೊದಲು ಸುತ್ತಿಗೆ. ಎಂಜಿನ್ನಿನ ಮುಂದಿನಿಂದ ಹಿಂದಿನವರೆಗೆ ತೊಲೆಯ ಮೇಲೆ ಅಂಗೈ ಅಗಲಕ್ಕೊಂದರಂತೆ ತಟ್ಟುತ್ತ ಹೋಗಿ. ಗಟ್ಟಿ ಕಟ್ಟಿಗೆ ಟಣ್ ಎನ್ನುತ್ತದೆ, ಕೊಳೆತದ್ದು ಒದ್ದೆ ಚೀಲಕ್ಕೆ ಹೊಡೆದಂತೆ ಧಪ್ ಎನ್ನುತ್ತದೆ. ಸದ್ದು ಬದಲಾದಲ್ಲೆಲ್ಲ ಚಾಕ್‌ಪೀಸಿನ ಗುರುತು ಹಾಕಿ.

ಆಮೇಲೆ ಪಾನಾ. ಎಂಜಿನ್ ಮೌಂಟನ್ನು ತೊಲೆಗೆ ಹಿಡಿದಿಟ್ಟ ದಪ್ಪ ಕಟ್ಟಿಗೆ-ಸ್ಕ್ರೂಗಳನ್ನು ಬಿಗಿಯುವ ದಿಕ್ಕಿನಲ್ಲಿ ಮೆಲ್ಲಗೆ ತಿರುಗಿಸಿ. ತಡೆದು ನಿಂತರೆ ಸರಿ. ಬಿಗಿಯಾಗದೆ ಸುಮ್ಮನೆ ಸುತ್ತುತ್ತ ಹೋದರೆ ಅದರ ಹಲ್ಲು ಕಚ್ಚಲು ಕಟ್ಟಿಗೆಯೇ ಉಳಿದಿಲ್ಲ. ಹಾವೇರಿಯ ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡದೆ ಯಾರೂ ಸಂಚಕಾರ ಕೊಡುವುದಿಲ್ಲ, ಇದೂ ಅಷ್ಟೇ ಮುಖ್ಯ. ಒಂದು ಸ್ಕ್ರೂ ಸುತ್ತಿದರೆ ದಪ್ಪ ಸ್ಕ್ರೂ ಮತ್ತು ಎಪಾಕ್ಸಿಯಲ್ಲಿ ಸಾಗಹಾಕಬಹುದು, ನಾಲ್ಕು ಸುತ್ತಿದರೆ ಬೋಟು ಬಿಟ್ಟು ಬನ್ನಿ.

ಅನುಮಾನ ಉಳಿದರೆ ಮಾಲೀಕರನ್ನು ಕೇಳಿ ತೊಲೆಯ ಪಕ್ಕದಲ್ಲಿ 3 ಮಿ.ಮೀ. ಬಿಟ್‌ನಿಂದ ಒಂದು ತೂತು ಹಾಕಿಸಿ. ಒಣ, ನಸುಬಣ್ಣದ ಪುಡಿ ಬಂದರೆ ಚಿಂತೆಯಿಲ್ಲ. ಕಪ್ಪಗೆ, ಕೆಸರಿನಂತೆ ಬಂದರೆ ಉತ್ತರ ಸಿಕ್ಕಿತು. ತೂತಿಗೆ ಕೂಡಲೇ ಎಪಾಕ್ಸಿ ತುಂಬಬೇಕು, ಅದರ ಟ್ಯೂಬು ನಿಮ್ಮ ಚೀಲದಲ್ಲಿದ್ದರೆ ಮಾಲೀಕರೂ ಒಪ್ಪುತ್ತಾರೆ.

ಹೊಸ ಕಾರ್ಪೆಟ್ ಕಂಡರೆ ಖುಷಿಪಡಬೇಡಿ. ಸೀಟು ಹರಿದಿದ್ದರೆ ಹುಬ್ಬಳ್ಳಿಯ ಕುಶನ್ ಅಂಗಡಿಯವರು ವಾರದಲ್ಲಿ ಹೊಲಿದು ಕೊಡುತ್ತಾರೆ, ಅದು ದೋಷವೇ ಅಲ್ಲ. ಆದರೆ ಮಾರುವ ಹೊತ್ತಿಗೆ ಹಾಸಿದ ಕಾರ್ಪೆಟ್ ಕೆಳಗೆ ಮೆತ್ತಗಾದ ನೆಲ ಇರಬಹುದು. ಬರಿಗಾಲಲ್ಲಿ ನಿಂತು ಹಿಮ್ಮಡಿಯಿಂದ ಒತ್ತುತ್ತ ಇಡೀ ನೆಲ ನಡೆದಾಡಿ, ಮುಖ್ಯವಾಗಿ ಸ್ಕೀ ಕಂಬದ ಸುತ್ತ. ಕಂಬವನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಜಗ್ಗಿ, ಬುಡದ ಬಳಿ ಇನ್ನೊಬ್ಬರು ಟಾರ್ಚ್ ಹಿಡಿದು ನೋಡಲಿ. ಕೂದಲಷ್ಟು ಅಲುಗಿದರೂ ಬುಡದ ಬೋಲ್ಟು ಅಥವಾ ಅದರ ಕೆಳಗಿನ ತೊಲೆ ಸಡಿಲ. ತಿರುವಿನಲ್ಲಿ ಒಬ್ಬ ಸ್ಕೀಯರ್ ಹಾಕುವ ಎಳೆತ ಅವನ ಮೈತೂಕಕ್ಕಿಂತ ಬಹಳ ಹೆಚ್ಚು.

ಹೊಳಪಿನ ಹೊರಪದರವಾದ ಜೆಲ್‌ಕೋಟ್ ಮೇಲೆ ಜೇಡರಬಲೆಯಂಥ ಸಣ್ಣ ಬಿರುಕು ಎಲ್ಲ ಹಳೆಯ ಬೋಟಿನಲ್ಲೂ ಇರುತ್ತದೆ, ಅದು ಮೇಲುಮೇಲಿನದು. ತೊಲೆಯ ಗುಂಟ ಉದ್ದಕ್ಕೆ ಓಡುವ ಬಿರುಕು, ಸ್ಟ್ರಟ್ ಮತ್ತು ರಡ್ಡರ್ (ಚುಕ್ಕಾಣಿ) ಕೂರಿಸಿದ ಜಾಗದಿಂದ ನಕ್ಷತ್ರದಂತೆ ಹೊರಟ ಬಿರುಕು, ಬಣ್ಣ ಹೊಂದದ ತೇಪೆ, ಇವು ಏಟು ಬಿದ್ದ ಕುರುಹು. ಬೋಟನ್ನು ನೇರ ಓಡಿಸಲು ತಳದಲ್ಲಿರುವ ಟ್ರ್ಯಾಕಿಂಗ್ ಫಿನ್ನುಗಳು ನೆಟ್ಟಗಿವೆಯೇ ನೋಡಿ. ಗೋದಾಮಿನಲ್ಲಿ ವರ್ಷಗಟ್ಟಲೆ ನಿಂತ ಬೋಟಾದರೆ ಡ್ಯಾಶ್‌ಬೋರ್ಡ್ ಕೆಳಗೆ ತಲೆ ಹಾಕಿ. ಇಲಿ ಕಡಿದ ವೈರು ಹುಡುಕುವುದು ಎಂಜಿನ್ ಬಿಚ್ಚುವುದಕ್ಕಿಂತ ಬೇಸರದ ಕೆಲಸ.

ಕಾಟಾದ ಮೇಲೆ ಸತ್ಯ

ಕೆಲವು ಬೋಟುಗಳಲ್ಲಿ ನೆಲದ ಕೆಳಗೆ ಫೋಮ್ ತುಂಬಿರುತ್ತಾರೆ. ಅದು ನೀರು ಕುಡಿದರೆ ಸ್ಪಂಜಿನಂತೆ ಹಿಡಿದಿಟ್ಟುಕೊಳ್ಳುತ್ತದೆ. ಕಣ್ಣಿಗೆ ಕಾಣದು, ಸುತ್ತಿಗೆಗೆ ಸಿಗದು, ತೂಕಕ್ಕೆ ಸಿಗುತ್ತದೆ. ಲಾರಿ ತೂಗುವ ಕಾಟಾ ಇರದ ಊರಿಲ್ಲ. ಟ್ರೇಲರ್ ಸಮೇತ ತೂಗಿಸಿ, ಲಾರಿಯ ಮೇಲಿದ್ದರೆ ಲಾರಿಯನ್ನು ಖಾಲಿ ಒಮ್ಮೆ, ಹೇರಿ ಒಮ್ಮೆ ತೂಗಿಸಿ.

ಲೆಕ್ಕ ಹೀಗೆ. ಕ್ಯಾಟಲಾಗಿನ ಒಣತೂಕ 1,180 ಕಿಲೋ ಎಂದುಕೊಳ್ಳಿ. ಟ್ಯಾಂಕಿನಲ್ಲಿ 100 ಲೀಟರ್ ಪೆಟ್ರೋಲ್ ಇದ್ದರೆ 75 ಕಿಲೋ. ಬ್ಯಾಟರಿ 20. ಆರ್‌ಸಿ ಪ್ರಕಾರ ಟ್ರೇಲರ್ 450. ಒಟ್ಟು 1,725. ಕಾಟಾ 1,760 ತೋರಿಸಿದರೆ ಹಗ್ಗ, ಸಾಮಾನು, ಯಂತ್ರದ ಹೆಚ್ಚುಕಡಿಮೆ ಎಂದು ಬಿಡಬಹುದು. 1,950 ತೋರಿಸಿದರೆ ಇನ್ನೂರಕ್ಕೂ ಹೆಚ್ಚು ಕಿಲೋ ನೀರನ್ನು ನೀವು ಬೋಟಿನ ದರದಲ್ಲಿ ಕೊಳ್ಳುತ್ತಿದ್ದೀರಿ. ಬೋಟು ಹೋದ ವಾರ ನೀರಿನಲ್ಲಿತ್ತು ಎಂಬ ಸಬೂಬು ಕೇಳಬೇಡಿ, ಸರಿಯಿರುವ ಬೋಟು ಡ್ರೇನ್ ಪ್ಲಗ್ ಬಿಚ್ಚಿದ ಅರ್ಧ ತಾಸಿನಲ್ಲಿ ಬರಿದಾಗುತ್ತದೆ.

ಶಾಫ್ಟ್, ಸ್ಟ್ರಟ್, ಪ್ರೊಪೆಲ್ಲರ್

ಶಾಫ್ಟ್ ಸಾಮಾನ್ಯವಾಗಿ ಒಂದು ಇಂಚಿನದು. ಗೇರ್ ನ್ಯೂಟ್ರಲ್‌ನಲ್ಲಿಟ್ಟು ಪ್ರೊಪೆಲ್ಲರನ್ನು ಕೈಯಿಂದ ಸುತ್ತಿಸಿ. ಎಲ್ಲ ಕಡೆ ಒಂದೇ ಸಮನೆ ಸುತ್ತಬೇಕು, ಒಂದು ಮಗ್ಗುಲಲ್ಲಿ ಬಿಗಿಯಾಗಿ ಇನ್ನೊಂದರಲ್ಲಿ ಹಗುರವಾದರೆ ಶಾಫ್ಟ್ ಬಾಗಿದೆ. ಲೇತ್ ಅಂಗಡಿಯ ಡಯಲ್ ಗೇಜ್ ಒಯ್ದು ಸ್ಟ್ರಟ್‌ನ ಸ್ವಲ್ಪ ಮುಂದೆ ಇಟ್ಟು ನೋಡಿದರೆ ಓಲಾಟ 0.1 ಮಿ.ಮೀ. ಆಸುಪಾಸಿನಲ್ಲಿ ಇರಬೇಕು. ನಂತರ ಪ್ರೊಪೆಲ್ಲರನ್ನು ಮೇಲೆ ಕೆಳಗೆ ಅಲುಗಿಸಿ. ಸ್ಟ್ರಟ್ ಒಳಗಿನ ರಬ್ಬರ್ ಬೇರಿಂಗ್ ಸವೆದಿದ್ದರೆ ಟಕ್ ಟಕ್ ಎನ್ನುತ್ತದೆ. ಅಲುಗಾಟ ಒಂದೂವರೆ ಮಿ.ಮೀ. ದಾಟಿದರೆ ಬದಲಿಸಲೇಬೇಕು. ಬೇರಿಂಗ್ ಒಂದೇ ಕಡೆ ಸವೆದಿದ್ದರೆ ದೋಷ ಬೇರಿಂಗಿನದಲ್ಲ, ಶಾಫ್ಟ್ ಮತ್ತು ಎಂಜಿನ್ ಒಂದೇ ಗೆರೆಯಲ್ಲಿಲ್ಲ.

ಈ ಗೆರೆ ನೋಡುವುದು ನಮ್ಮ ಕಡೆಯ ಮೆಕ್ಯಾನಿಕ್‌ಗಳು ಎಡವುವ ಜಾಗ. ಗೇರ್‌ಬಾಕ್ಸ್ ಮತ್ತು ಶಾಫ್ಟನ್ನು ಕೂಡಿಸುವ ಫ್ಲಾಂಜುಗಳ, ಅಂದರೆ ತಟ್ಟೆಗಳ, ಬೋಲ್ಟು ಬಿಚ್ಚಿ, ಎರಡನ್ನೂ ಕೈಯಿಂದ ಕೂಡಿಸಿ, ಸಂದಿಯಲ್ಲಿ ಫೀಲರ್ ಗೇಜ್ ತೂರಿಸಿ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಅಳೆಯಬೇಕು. ವ್ಯತ್ಯಾಸ 0.08 ಮಿ.ಮೀ. ಮೀರಬಾರದು. ಬೋಟು ಟ್ರೇಲರ್ ಮೇಲಿರುವಾಗ ಒಡಲು ಚೂರು ಬಾಗಿರುತ್ತದೆ, ಅಲ್ಲಿ ಸರಿಮಾಡಿದ್ದು ನೀರಿಗಿಳಿದ ಮೇಲೆ ತಪ್ಪುತ್ತದೆ. ಕೊನೆಯ ಅಳತೆ ಬೋಟು ತೇಲುತ್ತಿರುವಾಗಲೇ ಆಗಬೇಕು. ತಪ್ಪಿದ್ದರೆ ನಡುಕ, ಗೇರ್‌ಬಾಕ್ಸಿನ ಸೀಲಿನಿಂದ ಎಣ್ಣೆ ಸೋರಿಕೆ, ಬೇರಿಂಗ್ ಸವೆತ ಒಂದರ ಹಿಂದೊಂದು ಬರುತ್ತವೆ.

ಶಾಫ್ಟ್ ತಳದಿಂದ ಹೊರಹೋಗುವಲ್ಲಿ ಗ್ಲ್ಯಾಂಡ್ ಪ್ಯಾಕಿಂಗ್ ಇರುತ್ತದೆ, ನಮ್ಮ ಪಂಪ್‌ಸೆಟ್ಟಿನದರಂತೆಯೇ. ಓಡುವಾಗ ನಿಮಿಷಕ್ಕೆ ಎರಡು ಮೂರು ಹನಿ ತೊಟ್ಟಿಕ್ಕಬೇಕು, ಅದೇ ಅದಕ್ಕೆ ತಂಪು. ಹನಿಯೇ ಬೀಳದಂತೆ ಬಿಗಿದರೆ ಶಾಫ್ಟ್ ಸುಟ್ಟು ಗೀರು ಬೀಳುತ್ತದೆ. ಧಾರೆಯಾಗಿ ಸುರಿದರೆ ಪ್ಯಾಕಿಂಗ್ ಬದಲಿಸಿ, ಅಗ್ಗದ ಕೆಲಸ.

ಪ್ರೊಪೆಲ್ಲರಿನ ಅಂಚು ಬಾಗಿದ್ದರೆ ಸುತ್ತಿಗೆಯಲ್ಲಿ ಕಣ್ಣಳತೆಗೆ ನೇರಮಾಡುವುದು ಬೇಡ. ಎಲೆಗಳ ಪಿಚ್, ಅಂದರೆ ಓರೆಯ ಅಳತೆ, ಒಂದಕ್ಕೊಂದು ಹೊಂದದಿದ್ದರೆ ಇಡೀ ಬೋಟು ನಡುಗುತ್ತದೆ. ಪ್ರೊಪೆಲ್ಲರಿನ ನಡುವಿನ ಗುಂಬದ ಮೇಲೆ ಕೆತ್ತಿದ ಅಳತೆ ಮತ್ತು ಎಡ ಅಥವಾ ಬಲ ಎಂಬ ಗುರುತು ಬರೆದುಕೊಳ್ಳಿ. ಅನೇಕ ಸ್ಕೀ ಬೋಟುಗಳದು ಎಡಕ್ಕೆ ತಿರುಗುವ ಪ್ರೊಪೆಲ್ಲರ್.

ಎಂಜಿನ್

ನೀವು ಬರುವ ಮೊದಲು ಯಾರೂ ಸ್ಟಾರ್ಟ್ ಮಾಡಬಾರದು ಎಂದು ಹೇಳಿಟ್ಟಿರಿ. ಹೋದೊಡನೆ ಮ್ಯಾನಿಫೋಲ್ಡ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ತಣ್ಣಗಿರುವಾಗ ಅದು ಸುಲಭಕ್ಕೆ ಏಳುವುದಿಲ್ಲ ಎಂದೇ ತಿಳಿಯಿರಿ.

ನೆಲದ ಮೇಲೆ ಸ್ಟಾರ್ಟ್ ಮಾಡುವುದಿದ್ದರೆ ನೀರಿನ ವ್ಯವಸ್ಥೆ ಬೇಕು. ಹೊರನೀರು ಎಳೆಯುವ ರಬ್ಬರ್ ಇಂಪೆಲ್ಲರ್ ನೀರಿಲ್ಲದೆ ಒಂದು ನಿಮಿಷವೂ ತಾಳುವುದಿಲ್ಲ, ಅದರ ರೆಕ್ಕೆ ಮುರಿದು ತುಂಡುಗಳು ಮುಂದೆ ಹೋಗಿ ಕೊಳವೆ ಕಟ್ಟುತ್ತವೆ. ನಳದ ಪೈಪು ಸಾಲದು. ನಳ ಬರುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 500 ಲೀಟರಿನ ಸಿಂಟೆಕ್ಸ್ ಟ್ಯಾಂಕ್ ಪಕ್ಕದಲ್ಲಿಟ್ಟು ಒಂದಿಂಚಿನ ಪೈಪಿನಿಂದ ಪಂಪಿಗೆ ಜೋಡಿಸಿ. ನೆಲದ ಮೇಲೆ ಗೇರ್ ಹಾಕಬಾರದು, ಸ್ಟ್ರಟ್ಟಿನ ರಬ್ಬರ್ ಬೇರಿಂಗಿಗೂ ನೀರೇ ಎಣ್ಣೆ.

ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ನೋಡುವ ಬಗೆ: ಎಂಜಿನ್ ಬಿಸಿಮಾಡಿ, ಆಫ್ ಮಾಡಿ. ತಳದ ಗಾಳಿ ಹೊರದೂಡುವ ಫ್ಯಾನ್ ಆದ ಬ್ಲೋವರ್ ಹಾಕಿ ಪೆಟ್ರೋಲ್ ಆವಿ ಹೊರಗೆ ಕಳಿಸಿ. ಕಾಯಿಲ್ ವೈರ್ ಕಿತ್ತು, ಎಂಟೂ ಪ್ಲಗ್ ಬಿಚ್ಚಿ ಸಾಲಾಗಿ ಜೋಡಿಸಿಡಿ. ಥ್ರಾಟಲ್ ಪೂರ್ತಿ ತೆರೆದು ಪ್ರತಿ ಸಿಲಿಂಡರಿಗೆ ಒತ್ತಡದ ಗೇಜ್ ಹಾಕಿ ಐದಾರು ಸುತ್ತು ಕ್ರ್ಯಾಂಕ್ ಮಾಡಿ. 5.7 ಲೀಟರಿನ ಆರೋಗ್ಯವಂತ ಎಂಜಿನ್ 140ರಿಂದ 170 ಪಿಎಸ್‌ಐ ತೋರಿಸುತ್ತದೆ. ಅಂಕಿಗಿಂತ ಸಮತೆ ಮುಖ್ಯ, ಅತಿ ಕಡಿಮೆಯದು ಅತಿ ಹೆಚ್ಚಿನದರ ಮುಕ್ಕಾಲಿಗಿಂತ ಕೆಳಗಿರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಪಕ್ಕಪಕ್ಕದ ಎರಡು ಒಟ್ಟಿಗೆ ಬಿದ್ದಿದ್ದರೆ ಹೆಡ್ ಗ್ಯಾಸ್ಕೆಟ್. ಪ್ಲಗ್ಗಿನ ತುದಿಯಲ್ಲಿ ತುಕ್ಕು ಕಂಡರೆ ಮ್ಯಾನಿಫೋಲ್ಡ್ ಸೋರಿ ಸಿಲಿಂಡರಿನೊಳಗೆ ನೀರು ಬರುತ್ತಿದೆ. ಅಂಥ ಎಂಜಿನ್ನನ್ನು ಒಂದು ದಿನ ನಿಲ್ಲಿಸಿ ಸ್ಟಾರ್ಟ್ ಮಾಡಿದರೆ ನೀರು ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಎಂಜಿನ್ ಎಣ್ಣೆ ಹಾಲು ಕಲಸಿದಂತಿದ್ದರೆ ಒಳಗೆ ನೀರಿದೆ. ನಮ್ಮಲ್ಲಿ ನೀರು ಹೆಪ್ಪುಗಟ್ಟಿ ಬ್ಲಾಕ್ ಒಡೆಯುವ ಚಳಿ ಇಲ್ಲ, ಆದರೆ ಬೋಟು ಅಮೆರಿಕದ ಉತ್ತರದ ರಾಜ್ಯದಿಂದ ಬಂದಿರಬಹುದು. ಬ್ಲಾಕಿನ ಎರಡೂ ಪಕ್ಕ, ಮ್ಯಾನಿಫೋಲ್ಡ್ ಕೆಳಗೆ, ಕನ್ನಡಿ ಹಿಡಿದು ಬಿರುಕು ಅಥವಾ ಎಪಾಕ್ಸಿ ಮೆತ್ತಿದ ಗುರುತು ಹುಡುಕಿ. ಗೇರ್‌ಬಾಕ್ಸಿನ ಎಣ್ಣೆ ಕೆಂಪಗಿರಬೇಕು. ಕಂದಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟ್ ಹೋಗಿದೆ, ಗುಲಾಬಿ ಹಾಲಿನಂತಿದ್ದರೆ ಕೂಲರ್ ಸೋರುತ್ತಿದೆ.

ಕಾರಿನ ಎಂಜಿನ್ನೇ ಆದರೂ ಕಾರಿನ ಬಿಡಿಭಾಗ ಎಲ್ಲೆಡೆ ಹಾಕಬಾರದು, ಇದನ್ನು ನಿಮ್ಮ ಮೆಕ್ಯಾನಿಕ್‌ಗೆ ಕೂರಿಸಿಕೊಂಡು ಹೇಳಿ. ಕಾರಿನಲ್ಲಿ ಪೆಟ್ರೋಲ್ ಆವಿ ಕೆಳಗಿಳಿದು ರಸ್ತೆಗೆ ಹೋಗುತ್ತದೆ, ಬೋಟಿನಲ್ಲಿ ತಳದ ಗುಂಡಿಯಲ್ಲಿ ಕೂರುತ್ತದೆ. ಆದ್ದರಿಂದ ಸ್ಟಾರ್ಟರ್, ಆಲ್ಟರ್ನೇಟರ್, ಡಿಸ್ಟ್ರಿಬ್ಯೂಟರ್, ಪೆಟ್ರೋಲ್ ಪಂಪ್, ಕಾರ್ಬುರೇಟರ್ ಎಲ್ಲವೂ ಕಿಡಿ ಮತ್ತು ಆವಿ ಹೊರಬಾರದಂತೆ ಮುಚ್ಚಿದ ಮರೈನ್ ಬಗೆಯವೇ ಆಗಿರಬೇಕು. ಹಿಂದಿನ ಮಾಲೀಕರು ಅಗ್ಗಕ್ಕೆ ಕಾರಿನ ಆಲ್ಟರ್ನೇಟರ್ ಕೂರಿಸಿದ್ದರೆ ಅದು ಉಳಿತಾಯವಲ್ಲ, ಬಾಂಬು. ಪ್ರತಿ ಸಲ ಸ್ಟಾರ್ಟ್ ಮಾಡುವ ಮೊದಲು ನಾಲ್ಕು ನಿಮಿಷ ಬ್ಲೋವರ್ ಓಡಬೇಕು, ಅದು ಕೆಲಸ ಮಾಡುತ್ತಿದೆಯೇ ಎಂದು ಹೊರಬಾಯಿಗೆ ಕೈಯೊಡ್ಡಿ ನೋಡಿ.

ಕೆಲವು ಹಳೆಯ ಎಂಜಿನ್ನುಗಳು ಕಾರಿಗೆ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತವೆ. ಅವುಗಳ ಸ್ಟಾರ್ಟರ್ ಬೇರೆ, ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ, ಬೇರೆ. ಜಿಎಂ ಎಂಜಿನ್ನಿನ 1-8-4-3-6-5-7-2 ಎಂಬುದನ್ನು ಬಾಯಿಪಾಠ ಮಾಡಿದವರೂ ಇಲ್ಲಿ ಪುಸ್ತಕ ತೆರೆಯಬೇಕು.

ಇಪ್ಪತ್ತು ಭಾಗ ಎಥನಾಲ್

ನಮ್ಮ ಬಂಕುಗಳಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ಶೇ. 20 ಎಥನಾಲ್. ಹಳೆಯ ಸ್ಕೀ ಬೋಟುಗಳು ಹೆಚ್ಚೆಂದರೆ ಶೇ. 10ಕ್ಕೆ ಒಗ್ಗಿದವು. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಟ್ಯಾಂಕಿನ ತಳದ ಕೊಳೆ ಕರಗಿಸಿ ಕಾರ್ಬುರೇಟರಿಗೆ ಸಾಗಿಸುತ್ತದೆ, ಗಾಳಿಯ ತೇವ ಹೀರಿ ನೀರಿನ ಸಮೇತ ತಳಕ್ಕೆ ಬೇರ್ಪಡುತ್ತದೆ. ಬೋಟು ತಿಂಗಳುಗಟ್ಟಲೆ ನಿಲ್ಲುವ ಗಾಡಿ, ಆದ್ದರಿಂದ ಕಾಟ ಕಾರಿಗಿಂತ ಹೆಚ್ಚು. ಕೊಂಡ ಮೇಲೆ ಪೆಟ್ರೋಲ್ ಪೈಪುಗಳನ್ನೆಲ್ಲ ಎಥನಾಲ್ ತಾಳುವ ಮರೈನ್ ಪೈಪಿಗೆ ಬದಲಿಸುವುದು, ಕಾರ್ಬುರೇಟರ್ ಕಿಟ್ ಹಾಕುವುದು, 10 ಮೈಕ್ರಾನಿನ ನೀರು ಬೇರ್ಪಡಿಸುವ ಫಿಲ್ಟರ್ ಕೂರಿಸುವುದು, ಈ ಮೂರನ್ನೂ ಬೆಲೆಯ ಮಾತುಕತೆಯಲ್ಲೇ ಲೆಕ್ಕ ಹಿಡಿಯಿರಿ.

ನೀರಿನ ಮೇಲೆ

ಕನಿಷ್ಠ ಅರ್ಧ ತಾಸು ಓಡಿಸದೆ ಹಣ ಕೊಡಬೇಡಿ. ಬಿಸಿಯಾಗಿ ಐಡಲ್‌ನಲ್ಲಿರುವಾಗ ಎಣ್ಣೆಯ ಒತ್ತಡ 10 ಪಿಎಸ್‌ಐ ಕೆಳಗಿಳಿಯಬಾರದು, ಓಡುವಾಗ 40ರಿಂದ 60 ಇರಲಿ. ವೋಲ್ಟೇಜ್ 13.8ರಿಂದ 14.4. ಉಷ್ಣತೆ ಥರ್ಮೋಸ್ಟಾಟಿನ ಮಟ್ಟದಲ್ಲಿ ನಿಲ್ಲಬೇಕು, ಸಿಹಿನೀರಿನ ಬೋಟಿನಲ್ಲಿ 71 ಡಿಗ್ರಿ ಸೆಲ್ಸಿಯಸ್, ಉಪ್ಪುನೀರಿನದರಲ್ಲಿ 62ರ ಹತ್ತಿರ. ಉಪ್ಪು ಹರಳುಗಟ್ಟಬಾರದೆಂದು ಅಲ್ಲಿ ತಂಪಾಗಿ ಓಡಿಸುತ್ತಾರೆ. ವೇಗದಲ್ಲಿ ಮಾತ್ರ ಬಿಸಿ ಏರಿದರೆ ಇಂಪೆಲ್ಲರ್ ಸವೆದಿದೆ ಅಥವಾ ನೀರಿನ ದಾರಿ ಕಟ್ಟಿದೆ.

ಐಡಲ್‌ನಲ್ಲಿ ಗೇರ್ ಹಾಕಿದೊಡನೆ ಹಿಡಿಯಬೇಕು, ಎರಡು ಸೆಕೆಂಡಿಗಿಂತ ತಡವಾದರೆ ಕ್ಲಚ್ ಸವೆದಿದೆ. ಪೂರ್ತಿ ಥ್ರಾಟಲ್‌ನಲ್ಲಿ ಕಾರ್ಬುರೇಟರಿನ ಎಂಜಿನ್ 4,400ರಿಂದ 4,800 ಆರ್‌ಪಿಎಂ ಮುಟ್ಟಬೇಕು. 4,000 ದಾಟದಿದ್ದರೆ ಎಂಜಿನ್ ಬಳಲಿದೆ, ಇಲ್ಲವೇ ಪ್ರೊಪೆಲ್ಲರಿನ ಪಿಚ್ ಹೆಚ್ಚಿದೆ, ಇಲ್ಲವೇ ಒಡಲು ನೀರು ಕುಡಿದಿದೆ. ಕಾಟಾದ ಚೀಟಿ ಈಗ ಮತ್ತೆ ಕೈಗೆ ಬರಲಿ. ಸ್ಕೀಯರನ್ನು ಕಟ್ಟಿಕೊಂಡು ತಾಸಿಗೆ 55 ಕಿ.ಮೀ. ಹಿಡಿಯಿರಿ, ಮೊಬೈಲಿನ ಜಿಪಿಎಸ್ ನೋಡಿ. ಬೋಟಿನ ಸ್ಪೀಡೋಮೀಟರ್ ನೀರಿನ ಒತ್ತಡದಿಂದ ನಡೆಯುವಂಥದು, ಅದರ ತೂತಿಗೆ ಕೆಸರು ಕೂತರೆ ಸುಳ್ಳು ಹೇಳುತ್ತದೆ. ಸ್ಕೀಯರ್ ಪಕ್ಕಕ್ಕೆ ಜಗ್ಗಿದಾಗ ಬೋಟಿನ ಮೂತಿ ಅತ್ತ ಹೊರಳಬಾರದು. ಇಂಥ ಬೋಟು ಇಂಥ ವೇಗದಲ್ಲಿ ತಾಸಿಗೆ 15ರಿಂದ 25 ಲೀಟರ್ ಪೆಟ್ರೋಲ್ ಕುಡಿಯುತ್ತದೆ, ಮನೆಯವರಿಗೆ ಇದನ್ನು ಕೊಳ್ಳುವ ಮೊದಲೇ ಹೇಳಿಬಿಡುವುದು ಲೇಸು.

ದಡಕ್ಕೆ ಬಂದು ಹತ್ತು ನಿಮಿಷ ಬಿಟ್ಟು, ಬಿಸಿಯಾಗಿರುವಾಗಲೇ ಮತ್ತೆ ಸ್ಟಾರ್ಟ್ ಮಾಡಿ. ಬೇಸಿಗೆಯಲ್ಲಿ ಪೆಟ್ರೋಲ್ ಆವಿಯಾಗಿ ತಡೆಯುವ ರೋಗ ಇದ್ದರೆ ಇಲ್ಲಿ ಹೊರಬೀಳುತ್ತದೆ. ಆಮೇಲೆ ತಳದಲ್ಲಿ ಎಷ್ಟು ನೀರು ಸೇರಿದೆ ನೋಡಿ. ಅರ್ಧ ತಾಸಿಗೆ ಒಂದೆರಡು ತಂಬಿಗೆ ಸರಿ, ಬಕೆಟ್ ಆದರೆ ಮೂಲ ಹುಡುಕಿ.

ಬೆಲೆ

ಕಂಡ ದೋಷಗಳನ್ನು ಎರಡು ಪಟ್ಟಿ ಮಾಡಿ. ಇಂಪೆಲ್ಲರ್, ಪ್ಯಾಕಿಂಗ್, ಬ್ಯಾಟರಿ, ಸೀಟು, ಕಾರ್ಬುರೇಟರ್, ಸ್ಟೀರಿಂಗ್ ಕೇಬಲ್, ಇವು ಬೆಲೆಯಲ್ಲಿ ಕಳೆಯುವಂಥವು. ಕೊಳೆತ ತೊಲೆ, ನೀರು ಕುಡಿದ ಫೋಮ್, ಒಡೆದ ಬ್ಲಾಕ್, ತಾಳೆಯಾಗದ ಸಂಖ್ಯೆ, ಇವುಗಳಿಗೆ ಎಷ್ಟು ಕಳೆದರೂ ಸಾಲದು. ಮ್ಯಾನಿಫೋಲ್ಡ್ ಮತ್ತು ಗೇರ್‌ಬಾಕ್ಸ್ ನಡುವಿನವು: ಬಿಡಿಭಾಗ ಹೊರದೇಶದಿಂದ ಬರಬೇಕು, ಸಾಗಣೆ ಮತ್ತು ಸುಂಕ ಕೂಡಿ ವೆಬ್‌ಸೈಟಿನಲ್ಲಿ ಕಂಡ ದರಕ್ಕೂ ಕೈಗೆ ಬಂದ ದರಕ್ಕೂ ಬಹಳ ಅಂತರ ಬೀಳುತ್ತದೆ. ಅಲ್ಲಿಂದ ಬೆಲೆ ತರಿಸಿಕೊಂಡ ಮೇಲೆಯೇ ಚೌಕಾಸಿಗೆ ಕೂತುಕೊಳ್ಳಿ. ನೀರಿನ ಪರೀಕ್ಷೆಗೆ ಮೊದಲು ಸಂಚಕಾರ ಕೇಳಿದರೆ ಚಿಕ್ಕ ಮೊತ್ತ ಕೊಟ್ಟು, ‘ಪರೀಕ್ಷೆಯಲ್ಲಿ ಹೊಂದದಿದ್ದರೆ ವಾಪಸು’ ಎಂದು ಬರೆಸಿಕೊಳ್ಳಿ.

ಊರಿಗೆ ತರುವುದು

ಗೋವಾದಿಂದ ಬರುವವರು ಅನಮೋಡ ಘಾಟ್ ಹತ್ತಬೇಕು, ಕಾರವಾರದಿಂದ ಬರುವವರು ಅಂಕೋಲಾ, ಅರಬೈಲು ಘಾಟ್, ಯಲ್ಲಾಪುರ, ಕಲಘಟಗಿ ದಾರಿ ಹಿಡಿಯಬೇಕು. ಎರಡರಲ್ಲೂ ತಿರುವು, ಉಬ್ಬು. ಲಾರಿಯಲ್ಲಿ ಹೇರುವುದಾದರೆ ಬೋಟನ್ನು ನೇರ ಹಲಗೆಯ ಮೇಲೆ ಇಳಿಸಬೇಡಿ. ತಳದಲ್ಲಿ ಶಾಫ್ಟ್, ಸ್ಟ್ರಟ್, ಫಿನ್ ನೇತಾಡುತ್ತಿರುತ್ತವೆ, ಅವುಗಳ ಮೇಲೆ ಒಂದು ಕಿಲೋ ಭಾರವೂ ಬೀಳಬಾರದು. ಒಡಲಿನ ಆಕಾರಕ್ಕೆ ಕಟ್ಟಿಗೆಯ ತೊಟ್ಟಿಲು ಮಾಡಿಸಿ, ಮೇಲೆ ಕಾರ್ಪೆಟ್ ಸುತ್ತಿ, ತೊಲೆಗಳ ನೇರಕ್ಕೆ ಆಧಾರ ಬರುವಂತೆ ಇಡಿ. ಕ್ರೇನಿನ ಬೆಲ್ಟು ಶಾಫ್ಟಿನ ಮೇಲೆ ಹಾಯದಂತೆ ಒಬ್ಬರು ಕೆಳಗೆ ಬಗ್ಗಿ ನೋಡುತ್ತಿರಲಿ. ಬಟ್ಟೆಯ ಕವರ್ ತೆಗೆದುಬಿಡಿ, ಗಾಳಿಗೆ ಪಟಪಟ ಬಡಿದು ಒಂದೇ ಪಯಣದಲ್ಲಿ ಹೊಳಪು ಉಜ್ಜಿಹಾಕುತ್ತದೆ.

ಬಂದ ವಾರದಲ್ಲಿ, ಹಿಂದಿನವರು ಏನೇ ಹೇಳಿರಲಿ, ಇಂಪೆಲ್ಲರ್ ಹೊಸದು ಹಾಕಿ. ಎಂಜಿನ್ ಎಣ್ಣೆ 5 ಲೀಟರಿನ ಆಸುಪಾಸು ಹಿಡಿಯುತ್ತದೆ, ಗೇರ್‌ಬಾಕ್ಸಿಗೆ ಎಟಿಎಫ್ ಎಂಬ ಕೆಂಪು ಎಣ್ಣೆ ಸುಮಾರು 2 ಲೀಟರ್, ಎರಡನ್ನೂ ಕಡ್ಡಿ ನೋಡಿಯೇ ತುಂಬಬೇಕು. ಫಿಲ್ಟರ್, ಬೆಲ್ಟ್, ಪ್ಲಗ್ ಅದೇ ದಿನ ಮುಗಿಸಿ. ತಳದ ನೀರೆತ್ತುವ ಪಂಪಿನ ತೇಲುವ ಸ್ವಿಚ್ ಮೇಲೆತ್ತಿ ತಾನಾಗಿ ಓಡುತ್ತದೆಯೇ ನೋಡಿ.

ದಾರಿಯಲ್ಲಿ ಮಳೆ ಬಂದರೆ ನೀರು ಹರಿದುಹೋಗಲೆಂದು ಡ್ರೇನ್ ಪ್ಲಗ್ ಬಿಚ್ಚಿಯೇ ತರುತ್ತಾರೆ. ಬಿಚ್ಚಿದ ಪ್ಲಗ್ಗನ್ನು ಎಂಜಿನ್ನಿನ ಕೀಲಿಗೊಂಚಲಿಗೆ ತಂತಿಯಿಂದ ಕಟ್ಟಿಬಿಡಿ. ಅದು ಕೈಯಲ್ಲಿರುವಾಗ ಬೋಟನ್ನು ನೀರಿಗೆ ಇಳಿಸುವಂತಿಲ್ಲ ಎಂದು ಎಲ್ಲರಿಗೂ ಗೊತ್ತಿರಲಿ.